ಬೂಟಿನ ದಾರ

ಇಲ್ಲಿನ ಕೈಮರಗಳು ದೂರ ಹೇಳುವುದಿಲ್ಲ,
ಹೊತ್ತು ಹೇಳುತ್ತವೆ:
ಮೇಲಿನ ಛತ್ರಕ್ಕೆ ಎರಡು ಗಂಟೆ ಹತ್ತು ನಿಮಿಷ.
ಯಾರ ಕಾಲಿಗೆ ಎಂದು ಬರೆದಿಲ್ಲ.

ಲೆಷೆಕ್ ಟೋಪಿ ಹಿಂದೆ ಸರಿಸಿ ಓದಿದ.
"ಮೂರು ಅಂದುಕೊಳ್ಳೋಣ ಹಾಲ್ಕಾ,
ಯಾರಿಗಿದೆ ಅವಸರ?"
ಮೂವತ್ತೊಂದು ವರ್ಷ ವುಚ್ ಊರಿನಲ್ಲಿ ಟ್ರಾಮ್ ಓಡಿಸಿದವನು,
ಒಂದು ನಿಮಿಷ ತಡವಾದರೆ
ರಾತ್ರಿಯೆಲ್ಲ ಹೊರಳಾಡುತ್ತಿದ್ದವನು.

ಏಪ್ರಿಲ್ ಕೊನೆಯ ವಾರ.
ಹಿಮವನ್ನು ಅರ್ಧ ಹೊದ್ದು ಅರ್ಧ ಒದ್ದು
ಮಲಗಿದೆ ತಾತ್ರಾ ಬೆಟ್ಟ.
ಒಂದೇ ಮಂಚದಲ್ಲಿ ಮಲಗುವ ಕಾಲಕ್ಕೆ ಇವನೂ ಹೀಗೇ,
ಬೆಳಗಿನ ಜಾವ ನನಗೆ ಬರೀ ಚಳಿ.
ಒದ್ದ ಕಡೆಯೆಲ್ಲ ಕ್ರೋಕಸ್,
ನೇರಳೆ, ನೇರಳೆ, ಎಲ್ಲೋ ಒಂದು ಬಿಳಿ,
ಕಳೆದ ವರ್ಷದ ಒಣಹುಲ್ಲನ್ನು ತೂತು ಮಾಡಿಕೊಂಡು ಎದ್ದಿವೆ.
ತುಳಿಯಬಾರದೆಂದು ಹಗ್ಗ ಕಟ್ಟಿದ್ದಾರೆ.
ಹಗ್ಗದಾಚೆ ಮಲಗಿ ಫೋಟೋ ತೆಗೆಸಿಕೊಳ್ಳುವ ಹುಡುಗಿಯನ್ನು
ಕಾವಲಿನವನು ಗದರುತ್ತಿದ್ದಾನೆ ಬೆಟ್ಟದ ಒರಟು ಮಾತಿನಲ್ಲಿ.
ಬಯಲಿನವರಾದ ನಮಗೆ ಅರ್ಧ ತಿಳಿಯಿತು,
ಅರ್ಧವೇ ಸಾಕಾಗಿತ್ತು.

ದಾರಿ ಏರತೊಡಗಿತು.
ನನ್ನ ಬೆನ್ನಿಗೆ ಬಿದ್ದವನು
ಈಗ ನನ್ನ ಮುಂದೆ.
ಕರಗಿದ ಹಿಮ ಕಾಲುದಾರಿಯನ್ನೇ ಹಳ್ಳ ಮಾಡಿಕೊಂಡು ಇಳಿಯುತ್ತಿದೆ,
ಅದೇ ಹಳ್ಳವನ್ನು ನಾವು ಹತ್ತುತ್ತಿದ್ದೇವೆ
ಕಲ್ಲಿಂದ ಕಲ್ಲಿಗೆ,
ಕಣ್ಣಿಗೆ ಅವನ ಬೆನ್ನೊಂದೇ ಗುರುತು.

ನನ್ನ ಎದೆಯ ಗಿರಣಿ ಇನ್ನೂ ಮುಚ್ಚಿಲ್ಲ.
ಊರಿನದು ಮುಚ್ಚಿ ಯಾವ ಕಾಲವಾಯಿತು,
ಆ ಕಟ್ಟಡದಲ್ಲಿ ಈಗ ಅತ್ತರು ಮಾರುತ್ತಾರೆ.
ಹದಿನೇಳು ವರ್ಷ ನುಂಗಿದ ಹತ್ತಿಯ ಧೂಳು!
ಏರು ಬಂದರೆ ಸಾಕು, ಮಗ್ಗಗಳೆಲ್ಲ ಒಟ್ಟಿಗೇ ಶುರು.
ಲೆಷೆಕ್‌ಗೆ ಹೇಳಿರಲಿಲ್ಲ.
ಹೇಳಿದ್ದರೆ ಕರೆತರುತ್ತಿದ್ದನೆ?

ತಿರುವು ಬಂದಾಗಲೆಲ್ಲ ಬಗ್ಗುತ್ತಾನೆ.
"ದಾರ ಬಿಚ್ಚಿತು, ತಾಳು."
ನಾನು ಬಂದು ಮುಟ್ಟುವ ತನಕ ಕಟ್ಟುತ್ತಾನೆ,
ನನ್ನ ಉಸಿರು ನನಗೆ ಸಿಗುವ ತನಕ ಕಟ್ಟುತ್ತಾನೆ,
ಆಮೇಲೆ ಎದ್ದು, ನಾಲಿಗೆಯಲ್ಲಿ ಟಣ್ ಎಂದು ಗಂಟೆ ಬಾರಿಸಿ
ಹೊರಡುತ್ತಾನೆ
ಮುಂದಿನ ನಿಲ್ದಾಣಕ್ಕೆ.

ಎಂಟು ತುಂಬಿದರೂ ಬಂದಿರಲಿಲ್ಲ ಇವನಿಗೆ ದಾರ ಕಟ್ಟಲು.
ಶಾಲೆಗೆ ಹೊರಟ ಬೆಳಗು, ಮೆಟ್ಟಿಲ ಮೇಲೆ ಮಂಡಿಯೂರಿ ನಾನು:
ಒಂದು ಕುಣಿಕೆ, ಅದರ ಸುತ್ತ ಒಂದು ಸುತ್ತು, ತೂರಿಸು, ಎಳೆ.
ಎಳೆದರೆ ಗಂಟೂ ಬರುತ್ತಿತ್ತು, ಅಳುವೂ.
"ಅರವತ್ತಾದರೂ ಬರಲಿಲ್ಲವಲ್ಲೋ" ಅಂದೆ ಏದುಸಿರಿನಲ್ಲಿ.
"ಕಲಿಸಿದವಳು ಸರಿಯಿಲ್ಲ" ಅಂದ, ತಲೆ ಎತ್ತದೆ.
ಚಳಿಗಾಲವಿಡೀ ಮಲಗಿದ್ದ ಮಾರ್ಮಟ್ ಒಂದು
ಬಿಲದ ಬಾಯಲ್ಲಿ ನೆಟ್ಟಗೆ ನಿಂತು
ಸಿಳ್ಳೆ ಹೊಡೆಯಿತು, ನಮಗೋ, ಹದ್ದಿಗೋ.

ಛತ್ರ ಮುಟ್ಟಿದಾಗ ಮೂರೂವರೆ ಗಂಟೆ ಕಳೆದಿತ್ತು.
ಸುಟ್ಟ ಗಿಣ್ಣು ಕೊಟ್ಟಳು ಹುಡುಗಿ. "ಕುರಿಯ ಹಾಲಿನದೇ?"
"ಹೌದು" ಅಂದಳು.
ಕುರಿಗಳಿನ್ನೂ ಬೆಟ್ಟವನ್ನೇ ಹತ್ತಿಲ್ಲ.
ನಕ್ಕು ತಿಂದೆವು, ಬೆರಳು ನೆಕ್ಕಿದೆವು.

ಅವನು ಚಹಾ ತರಲು ಹೋದ.
ಬಾಗಿಲ ಬಳಿ, ಹಳೆ ಪತ್ರಿಕೆಯ ಮೇಲೆ, ಎಲ್ಲರ ಬೂಟುಗಳು
ನೀರಿಳಿಸುತ್ತ ನಿಂತಿದ್ದವು.
ನನ್ನವು, ಕೆಸರು ಮೆತ್ತಿದ ದಾರ ಜೋತಾಡಿಸಿಕೊಂಡು.
ಪಕ್ಕದಲ್ಲಿ ಅವನವು, ಹೊಸವು.
ದಾರವಿಲ್ಲ.
ದಾರ ಪೋಣಿಸುವ ತೂತುಗಳೂ ಇಲ್ಲ.
ಒತ್ತಿದರೆ ಅಂಟುವ ಎರಡು ಅಗಲ ಪಟ್ಟಿ, ಅಷ್ಟೇ.

ಎಷ್ಟು ತಿರುವುಗಳಿದ್ದವು? ಹದಿನಾಲ್ಕೋ ಹದಿನೈದೋ.
ರಾಸ್ಪ್‌ಬೆರಿ ಪಾಕ ಬೆರೆಸಿದ ಚಹಾ
ಎರಡು ಲೋಟದಲ್ಲೂ ತುಳುಕಿಸುತ್ತ ಬಂದ.
"ಏನು ನೋಡುತ್ತಿದ್ದೀ?"
"ಮೋಡ ನೋಡು, ಇಳಿಯುತ್ತಿದೆ."
ಆಕಾಶ ಶುಭ್ರವಾಗಿತ್ತು. ಅವನೂ ನೋಡಿದ.
"ಹೌದು" ಅಂದ.

ಇಳಿಜಾರು ಉಸಿರು ಕೇಳುವುದಿಲ್ಲ, ಮಂಡಿ ಕೇಳುತ್ತದೆ.
ಆದರೂ ಮೊದಲ ತಿರುವಿನಲ್ಲೇ
ಬಗ್ಗಿದ ನನ್ನ ತಮ್ಮ,
ಎರಡೂ ಅಂಗೈಯಲ್ಲಿ ಬೂಟು ಮುಚ್ಚಿಕೊಂಡು.
ನಾನು ಕಣಿವೆಯ ಕಡೆ ತಿರುಗಿ ನಿಂತೆ.
ಕೆಳಗೆ, ಬಹಳ ಕೆಳಗೆ, ನೇರಳೆಯ ಒಂದು ಕಲೆ,
ಅದರ ಅಂಚಿನಲ್ಲಿ ಹಗ್ಗವಿರಬೇಕು, ಇಲ್ಲಿಗೆ ಕಾಣದು.

"ಬಿಗಿಯಾಗಿ ಕಟ್ಟೋ" ಅಂದೆ.
"ಬೇಕಾದಷ್ಟು ಹೊತ್ತಿದೆ."