ತಳದ ಜಾಳಿಗಿ

ಮೂವತ್ತೊಂದು ವರ್ಷ ವಿಜಯಪುರ ಡಿಪೋದಾಗ
ಬಸ್ಸಿನ ಹೊಟ್ಟಿ ಕೆಳಗ ಮಲಗಿದಾಂವ ನಾನು.
ಮನ್ಯಾಗ ಒಂದು ವಾಟಗಾ ತೊಳದಾಂವಲ್ಲ.
ನೀಲವ್ವನ ಬೆರಳಸಂದಿ ಬಿರುಕು ಬಿಟ್ಟು
ಡಾಕ್ಟರು, "ಬೂದಿ, ಸಾಬಾಣ, ನೀರು, ಮೂರೂ ಬಿಡವ್ವ" ಅಂದಮ್ಯಾಲೆ
ಭಾಂಡೆ ತೊಳಿಯೂ ಮಷೀನು ಬಂತು.
ಅಕಿ ಅದರ ಮಾರಿ ನೋಡಲಿಲ್ಲ.
ನಾ ನೋಡಿದೆ. ಮಷೀನಲಾ!

ಮದಲನೇ ದಿನದ ಮಾತು ಮುಚ್ಚಿಡೂದಿಲ್ಲ.
ಅದರ ಪುಡಿ ಎಲ್ಲೈತಂತ ಹುಡುಕಿ ಬ್ಯಾಸತ್ತು
ಸಿಂಕಿನ ಮ್ಯಾಲಿನ ಹಸರು ಸಾಬಾಣದ ನೀರು ಸುರುವಿದೆ.
ಇಪ್ಪತ್ತು ಮಿನಿಟಿಗೆ ಬಾಗಲಾ ಸಂದಿಲೆ ನೊರಿ,
ನೊರಿ ಹಿಂದ ನೊರಿ, ದೇವರ ಜಗಲಿತನಾ.
ನೀಲವ್ವ ಸೀರಿ ಎತ್ತಿ ಹಿಡದು ನಿಂತು ನಕ್ಕಳು,
ಕೆಮ್ಮು ಬರೂವಷ್ಟು ನಕ್ಕಳು.
"ಡಿಪೋದಾಗ ಬಸ್ಸಿಗೆ ಚಿಮಣಿ ಎಣ್ಣಿ ಹಾಕತಿದ್ರೇನು?"

ಪುಸ್ತಕ ಕನ್ನಡದಾಗ ಇರಲಿಲ್ಲ,
ಚಷ್ಮಾ ಏರಿಸಿ ಚಿತ್ರ ನೋಡಿ ಕಲತೆ.
ನಮ್ಮ ಬೋರಿನ ನೀರು ಗೊತ್ತಲಾ,
ರೇಡಿಯೇಟರ್ ಬಿಚ್ಚಿದ್ರ ಒಳಗ ಸುಣ್ಣದ ಗ್ವಾಡಿ.
ಅದೇ ಸುಣ್ಣ ತಾಟಿನ ಮ್ಯಾಲೂ ಕೂಡತೈತಿ, ಬೆಳ್ಳಗ.
ಅದಕ್ಕಂತನ ಬ್ಯಾರೆ ಉಪ್ಪು, ದಪ್ಪ ಹಳ್ಳಿಂದು;
ಸಾರಿನ ಉಪ್ಪು ಹಾಕಿದ್ರ ಮಷೀನು ಕೆಟ್ಟು ಕೂಡತೈತಿ.
ಚೆಲ್ಲಿದ ಹಳ್ಳು ಹಂಗ ಬಿಟ್ರ ತುಕ್ಕು,
ಒರಸು, ಮುಚ್ಚಳ ಬಿಗಿ ಮಾಡು, ಆಗಿಂದಾಗ ಓಡಸು.

ತುಂಬೂದಂದ್ರ ಅಮಾಸಿ ಬಸ್ಸಿನಂಗ ತುರುಕೂದಲ್ಲ.
ಒಂದು ತಾಟಿನ ಬೆನ್ನು ಇನ್ನೊಂದಕ್ಕ ತಾಕಬಾರದು.
ಚಾಕುವಿನ ಮೂತಿ ಕೆಳಗ.
ಶುರು ಮಾಡೂಕಿಂತ ಮದಲ ನೀರೆರಚೂ ರೆಕ್ಕಿ
ಬೆರಳಿಲೆ ಒಮ್ಮೆ ತಿರುವಿ ನೋಡು,
ಸೌಟಿನ ಹಿಡಿಕಿ ಅಡ್ಡ ಬಂತಂದ್ರ
ನಿಂತಲ್ಲೇ ನಿಂತು ಒಂದೇ ಬಟ್ಟಲಕ್ಕ ಎರಕೋತ ಕೂಡತೈತಿ.
ರೊಟ್ಟಿ ಹಿಟ್ಟು ಹತ್ತಿದ ಪರಾತ ತಣ್ಣೀರಾಗ ನೆನಸು,
ಸೀದಾ ಬಿಸಿನೀರು ತಾಕಿತಂದ್ರ ಸಿಮೆಂಟು.
ಗುಳಿಗಿ ಡಬ್ಬಿ ಮ್ಯಾಲಿನ ಮಾಡದಾಗಿರಲಿ,
ಮಮ್ಮಗಳು ಪೆಪ್ಪರಮಿಂಟ್ ಅಂತ ಬಾಯಾಗ ಹಾಕ್ಕೊಂಡಾಳು.
ನಡುವ ಬಾಗಲಾ ತೆಗಿಬ್ಯಾಡ, ಉಗಿ ಮಾರಿಗೆ ಬಡೀತೈತಿ.
ರೇಡಿಯೇಟರಿನ ಮುಚ್ಚಳ ಬಿಸಿ ಇದ್ದಾಗ ತೆಗದ
ಬಸಲಿಂಗನ ಕೈ ನಾ ನೋಡೇನಿ.

ಮೊನ್ನೆ ತಾಟಿಗೆ ಜಿಡ್ಡು ಉಳೀತು. ವಾಸನಿ ಬ್ಯಾರೆ.
ಪ್ಲಗ್ ಕಿತ್ತು, ಕೆಳಗಿನ ಬುಟ್ಟಿ ಹೊರಗಿಟ್ಟು
ತಳದ ಜಾಳಿಗಿ ತಿರುವಿ ಎತ್ತಿದೆ.
ಗುರೆಳ್ಳು. ಕರಿಬೇವಿನ ದಂಟು.
ಬದನಿಕಾಯಿ ತೊಟ್ಟಿನ ಸಿಪ್ಪಿ.
ಎರಡು ಮೆಂತೆಕಾಳು, ಬಸರಾದಂಗ ಉಬ್ಬಿದ್ದವು.
ಹಳೆ ಹಲ್ಲಿನ ಬ್ರಷ್ಷಿಲೆ ತಿಕ್ಕಕೋತ ಕೇಳಿದೆ,
"ಇದನ್ನ ವಾರಕ್ಕೊಮ್ಮೆ ತೊಳೀಬೇಕಂತ.
ಮದಲ ಇವೆಲ್ಲಾ ಎಲ್ಲಿ ಹೋಗತಿದ್ವು?"

ನೀಲವ್ವ ಜ್ವಾಳ ಹಸನ ಮಾಡತಿದ್ದಳು, ತಲಿ ಎತ್ತಲಿಲ್ಲ.
"ಎಲ್ಲಿ ಹೋಗತಾವ?
ಮೋರಿ ಬಾಯಾಗ ಬೆರಳು ಹಾಕಿ ತೆಗಿತಿದ್ದೆ.
ದಿನಾ ಮೂರು ಸಲ."

ಜಾಳಿಗಿ ತೊಳದು ಬೆಳಕಿಗೆ ಹಿಡದೆ.
ಇನ್ನೊಮ್ಮೆ ತೊಳದೆ.

ಬಸ್ಸಿನ ಎಣ್ಣಿ ಬದಲಿಸೂ ತಾರೀಖು
ತಪ್ಪದ ಕೆಂಪು ಪೆನ್ನಿಲೆ ಬರದಿಡತಿದ್ದೆ.
ಈಗ ಗ್ವಾಡಿ ಕ್ಯಾಲೆಂಡರಿನಾಗ ಅದೇ ಕೆಂಪು:
ಸೋಮಾರ ಜಾಳಿಗಿ, ಬಾಗಲಾ ರಬ್ಬರು.
ತಿಂಗಳಿಗೊಮ್ಮೆ ಬರಿಹೊಟ್ಟಿಲೆ ಓಡಿಸೂದು, ಲಿಂಬಿಹುಳಿ ಪುಡಿ ಹಾಕಿ
(ಇಂಡಿ ಲಿಂಬಿ ಎಷ್ಟು ಹುಳಿ ಇದ್ರೂ ಹಿಂಡಿ ಪೂರೈಸೂದಿಲ್ಲ, ನೋಡೇನಿ).
ಎಲ್ಲಾ ತಾರೀಖಿನಾಗೂ, ಸಣ್ಣಗ: ಮುಲಾಮು.

ಕಬ್ಬಿಣದ ಹಂಚು ಮಷೀನಿಗೆ ಹೋಗೂದಿಲ್ಲ.
ಅದನ್ನ ನಾನ ತೊಳದು, ಒಲಿ ಮ್ಯಾಲ ಆರಿಸಿ, ಎಣ್ಣಿ ಸವರತೇನಿ.
ನೀಲವ್ವ ಬಂದು ಅಂಚಿಗುಂಟ ಹೆಬ್ಬಟ್ಟು ಎಳದು
ಬೆರಳು ನನ್ನ ಮಾರಿಗೆ ಹಿಡೀತಾಳ:
"ಇದೇನ್ರಿ?"