ಮೂರು ತಿಂಗಳ ಲೆಕ್ಕ

ರಕ್ತ ಕೊಡುವ ಎರಡು ದಿನ ಮೊದಲೇ
ಚಹಾಕ್ಕೆ ಸಕ್ಕರೆ ಬಿಟ್ಟಿದ್ದೆ,
ಬ್ರಾಂಚಿಗೆ ಹೋಗುವ ಹಿಂದಿನ ರಾತ್ರಿ
ಸಡಿಲ ಬೀಡಿಗಳನ್ನು ಕಟ್ಟಿನ ನಡುವೆ ಅಡಗಿಸಿದ ಹಾಗೆ.

ರೆನಿಟಾ ಡಾಕ್ಟರು ಚೀಟಿ ನೋಡಿ ನಕ್ಕರು:
"ಜಲಜಕ್ಕ, ಇದು ನಿನ್ನೆಯ ಲೆಕ್ಕ ಅಲ್ಲ,
ಮೂರು ತಿಂಗಳದ್ದು.
ರಕ್ತದ ಕಣಗಳು ತಾವು ಕಂಡ ಸಿಹಿಯನ್ನು
ಮೈಗೆ ಅಂಟಿಸಿಕೊಂಡೇ ತಿರುಗುತ್ತವೆ."
ಆರು ಪಾಯಿಂಟ್ ಒಂದು.
ರೋಗದ ಮನೆ ಅಲ್ಲ. ಅದರ ಅಂಗಳ.

ಅಂದರೆ ನನ್ನೊಳಗೂ ಒಬ್ಬ ಚೆಕ್ಕರ್ ಉಂಟು.
ಕನ್ನಡಕ ಮೂಗಿಗಿಳಿಸಿ ಪಾಸ್‌ಬುಕ್ಕಿನಲ್ಲಿ ಬರೆದಿದ್ದಾನೆ:
ನಾದಿನಿ ಮಗಳ ಮೆಹಂದಿಯ ಮೂರನೆಯ ಐಸ್‌ಕ್ರೀಮು,
ತೊಕ್ಕೊಟ್ಟು ಬೇಕರಿಯ ಬೆಣ್ಣೆ ಬಿಸ್ಕತ್ತು,
ದಿನಕ್ಕೆ ಆರು ಲೋಟ ಚಹಾ, ಲೋಟಕ್ಕೆ ಎರಡು ಚಮಚ.
ಮತ್ತೆ ಒಂದು ಖಾಲಿ ಕಾಲಂ:
ನಡೆದದ್ದು.

ಇಪ್ಪತ್ತೆಂಟು ವರ್ಷ ತಡ್ಪೆ ಮಡಿಲಲ್ಲಿಟ್ಟು ಕೂತವಳು ನಾನು.
ಓಡಿದ್ದು ಬೆರಳು ಮಾತ್ರ.
ಸುತ್ತಿದ ನೂಲು ಬಿಚ್ಚಿ ಎಳೆದರೆ
ಕಾಸರಗೋಡು ದಾಟೀತು;
ಸೊಂಟ ಕುತ್ತಾರಿನ ಜಗಲಿ ದಾಟಲಿಲ್ಲ.

"ಇನ್ಸುಲಿನ್" ಅಂದಾಗ ನನಗೆ ಕಂಡವನು ಕಂಡಕ್ಟರ್.
ರಕ್ತವೇ ಬಸ್ಸು, ಸಕ್ಕರೆ ಜನ.
ಸ್ಟಾಪು ಬಂತು, ಸೀಟಿ ಊದಿದ, ಬಾಗಿಲು ಬಡಿದ,
ಮೊದಲೆಲ್ಲ ಒಂದೇ ಸೀಟಿಗೆ ಇಳಿಯುತ್ತಿದ್ದರು
ಸ್ನಾಯುವಿನ ಮನೆಗೆ, ಕೆಲಸಕ್ಕೆ.
ಈಗ ಮನೆಗಳು ಬಾಗಿಲು ತೆಗೆಯುವುದಿಲ್ಲ.
ಅವನು ಇನ್ನೂ ಜೋರಾಗಿ ಊದುತ್ತಾನೆ.
ಬಸ್ಸು ತುಂಬುತ್ತದೆ, ಫುಟ್‌ಬೋರ್ಡಿನಲ್ಲಿ ನೇತಾಡುತ್ತಾರೆ,
"ರೈಟ್ ಪೋಯಿ" ಎನ್ನುವ ಗಂಟಲು
ಒಂದು ದಿನ ಬಿದ್ದುಹೋಗುತ್ತದೆ.

"ಆದರೆ ನಡೆಯುವ ಕಾಲಿದೆಯಲ್ಲ," ಅಂದರು ಡಾಕ್ಟರು,
"ಅದು ಸೀಟಿಗೆ ಕಾಯುವುದಿಲ್ಲ.
ತಾನೇ ಬಾಗಿಲು ತೆಗೆದು ಜನರನ್ನು ಒಳಗೆ ಕರೆಯುತ್ತದೆ."

ಅನ್ನ ಬಿಡು ಅಂದಿದ್ದರೆ ಎದ್ದು ಬರುತ್ತಿದ್ದೆ.
ಅನ್ನಲಿಲ್ಲ. ಒಂದು ಸೌಟು ಕಡಿಮೆ, ಅಷ್ಟೆ;
ಆ ಜಾಗಕ್ಕೆ ಬಸಳೆ, ಅಲಸಂಡೆ, ಒಂದು ಬಂಗುಡೆ.
"ಕುಚ್ಚಲಕ್ಕಿ ಗಂಜಿ ನಮ್ಮದೇ ಅಲ್ವಾ, ಅದರಲ್ಲಿ ಸಕ್ಕರೆ ಎಲ್ಲಿಂದ?"
ಕೇಳಿದೆ.
"ಹೊಟ್ಟೆಗೆ ನಮ್ಮದು, ಅವರದ್ದು ಅಂತ ಗೊತ್ತಿಲ್ಲ ಜಲಜಕ್ಕ."
ಮಾತು ಸೋತರೂ ಮನಸ್ಸಿನಲ್ಲಿ ಎರಡು ದಿನ ಜಗಳ ಮಾಡಿದೆ.

ಅಮ್ಮನ ನೆನಪಾಯಿತು.
ಅವಳೂ ಸುತ್ತುತ್ತಿದ್ದಳು, ನನಗಿಂತ ಬಿಗಿಯಾಗಿ.
ಒಂದು ಸಂಜೆ ಬ್ರಾಂಚಿನಿಂದ ಬಂದು ಚಪ್ಪಲಿ ಬಿಟ್ಟಳು:
ಸಿಮೆಂಟಿನ ನೆಲದಲ್ಲಿ ಬಾಗಿಲಿನಿಂದ ಒಲೆಯ ತನಕ
ಕೆಂಪು ಹೆಜ್ಜೆ.
ಚಪ್ಪಲಿ ಸೀಳಿ ಮೊಳೆಯೊಂದು ಅಂಗಾಲಿಗೆ ಹೊಕ್ಕಿತ್ತು.
ಅವಳಿಗೆ ಗೊತ್ತೇ ಇರಲಿಲ್ಲ.
"ಯಾರದಾ ರಕ್ತ?" ಕೇಳಿದಳು,
ನಮ್ಮ ಕಾಲುಗಳನ್ನು ಒಂದೊಂದಾಗಿ ನೋಡುತ್ತ.
ಆ ಪ್ರಶ್ನೆ ಮೊದಲು ಹೋಯಿತು, ಆಮೇಲೆ ಬೆರಳು,
ಆಮೇಲೆ ಪಾದ.

ಈಗ ಬ್ರಾಂಚಿಗೆ ರಿಕ್ಷಾ ಇಲ್ಲ.
ನಾನು, ಝೊಹರಾ, ಎದುರುಮನೆಯ ಪುಷ್ಪಲತಾ,
ಕೈಚೀಲ ತೂಗುತ್ತ ಎರಡು ಮೈಲು.
ಮೊದಲ ವಾರ ಪುಷ್ಪಲತಾ ಮೋರಿಕಟ್ಟೆ ಕಂಡಲ್ಲೆಲ್ಲ ಕೂತಳು.
ಝೊಹರಾ ಹೇಳಿದಳು, "ಇವಳಿಗಿಂತ ಬಸ್ಸು ವಾಸಿ, ಸ್ಟಾಪು ಕಡಿಮೆ."
ಒಂದು ಗಂಟೆ ಸುತ್ತಿದರೆ ಎದ್ದು ಬಾವಿಯ ತನಕ ಹೋಗಿ ಬರುತ್ತೇನೆ,
ನೀರು ಬೇಕಾಗದಿದ್ದರೂ.
ಚಹಾ ಎರಡಕ್ಕಿಳಿದಿದೆ. ಮೂರಂತ ಬರೆದುಕೊಳ್ಳಿ,
ಚೆಕ್ಕರನಿಗೆ ಸುಳ್ಳು ಹೇಳಿ ಪ್ರಯೋಜನವಿಲ್ಲ.

ಮುಂದಿನ ಚೀಟಿಗೆ ಇನ್ನೂ ಹನ್ನೊಂದು ದಿನ ಉಂಟು.
ಇಳಿದಿದೆಯೋ, ಅಲ್ಲೇ ಕೂತಿದೆಯೋ,
ನನಗೆ ಗೊತ್ತಿಲ್ಲ.

ಇವತ್ತು ಗುಡ್ಡದ ಅಡ್ಡದಾರಿಯಲ್ಲಿ
ನಾಚಿಕೆ ಮುಳ್ಳು ತಾಗಿತು, ಚಪ್ಪಲಿಯ ಪಟ್ಟಿಯ ಪಕ್ಕ,
ಸಾಸಿವೆಯಷ್ಟು.
"ಅಯ್ಯೋ" ಅಂದೆ, ದಾರಿಯಲ್ಲೇ ಕೂತೆ,
ಕಾಲು ಮಡಿಲಿಗೆ ಎಳೆದುಕೊಂಡು ಕಿತ್ತೆ.
ನೋವಾಯಿತು.
ಸರಿಯಾಗಿ, ಮುಳ್ಳು ಇದ್ದಲ್ಲೇ ನೋವಾಯಿತು.
ಅವರಿಬ್ಬರೂ ಗಾಬರಿಯಲ್ಲಿ ನೋಡುತ್ತಿದ್ದರು,
ಈ ಹೆಂಗಸು ಯಾಕೆ ನಗುತ್ತಾಳೆಂದು.