ಹನ್ನೊಂದು ಸೆಂಟಿಮೀಟರ್

ಗಿಡ್ಡೇಕೆರೆ ರಾಜಕಾಲುವೆಗೆ ಎರಡೂ ಕಡೆ ಗೋಡೆ ಬರುತ್ತದಂತೆ,
ಮೂರೂವರೆ ಮೀಟರ್ ಎತ್ತರ, ತಳಕ್ಕೂ ಕಾಂಕ್ರೀಟು.
ಬಂದರೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಬರೆದುಕೊಡುವುದು
ನನ್ನ ಕೆಲಸ. ನಲವತ್ತು ದಿನ, ಒಂದು ಜೀಪು,
ಅಳತೆಗೋಲು ಹಿಡಿಯಲು ಬೈಲಪ್ಪ.

ಕಾಲುವೆಗೆ ಮಾಪಕವಿಲ್ಲ. ಹೋದ ಮಳೆಗೆ ಕೊಚ್ಚಿಹೋಯಿತು
ಎನ್ನುತ್ತದೆ ಕಚೇರಿ. ಗುಜರಿಗೆ ಹೋಯಿತು ಎನ್ನುತ್ತಾನೆ ಬೈಲಪ್ಪ.
ಹಾಗಾಗಿ ಮನೆಮನೆಗೂ ಹೋಗಿ ಕೇಳುತ್ತೇನೆ:
ನೀರು ಎಲ್ಲೀತನಕ ಬಂತು?

ಈ ಪ್ರಶ್ನೆಗೆ ಉತ್ತರ ಕೊಡುವ ಮುಂಚೆ
ಜನ ಒಂದು ಗಳಿಗೆ ಲೆಕ್ಕ ಹಾಕುತ್ತಾರೆ.
ಮೇಲಿನ ಲೇಔಟಿನ ನಂಜರೆಡ್ಡಿಯವರು ಕಾಫಿ ಕೊಟ್ಟು
‘ಇಲ್ಲಿ ನೀರೇ ಬರಲಿಲ್ಲ ಮೇಡಂ’ ಎಂದರು.
ಗೇಟಿಗೆ ಟು-ಲೆಟ್ ಬೋರ್ಡು, ಗೋಡೆಗೆ ಹಸಿ ಬಣ್ಣದ ವಾಸನೆ,
ಮೀಟರ್ ಪೆಟ್ಟಿಗೆಯೊಳಗೆ ಮಾತ್ರ ಒಣಗಿದ ಕೆಸರು.
ಕೆಳಗಿನ ಬೀದಿಗೆ ಪರಿಹಾರದ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು.
ಅಲ್ಲಿ ನೀರು ಎದೆಮಟ್ಟ, ಕುತ್ತಿಗೆಮಟ್ಟ,
ಒಬ್ಬಾತ ಫ್ಯಾನಿನ ರೆಕ್ಕೆ ತೋರಿಸಿದ.
ಹೊರಗೆ ಬಂದಮೇಲೆ ಬೈಲಪ್ಪ:
‘ಅಷ್ಟು ಬಂದಿದ್ರೆ ವಿಧಾನಸೌಧದ ಮೆಟ್ಲೂ ನೆನೀತಿತ್ತು, ಬುಡಿ.’

ರುಕಿಯಾಬಿಗೆ ಸುಳ್ಳು ಹೇಳಲು ಪುರುಸೊತ್ತಿರಲಿಲ್ಲ.
ಊದುಬತ್ತಿ ಹೊಸೆಯುತ್ತಲೇ ಗಲ್ಲದಿಂದ ಗೋಡೆ ತೋರಿಸಿದಳು.
ಅವತ್ತು ರಾತ್ರಿ ಮೂಟೆ ಬಿಚ್ಚಿ ಇದ್ದಿಲ ಪುಡಿ ತೇಲಿತಂತೆ,
ನೀರು ನಿಂತಲ್ಲಿ ತಾನೂ ನಿಂತು
ನಾಲ್ಕೂ ಗೋಡೆಗೆ ಬೆರಳಗಲದ ಕಪ್ಪು ಪಟ್ಟಿ,
ನನ್ನ ಉಪಕರಣಕ್ಕಿಂತ ನೇರ.
ಕೋಲು ನಿಲ್ಲಿಸಿ ಓದಿದೆವು: ನೆಲದಿಂದ ಅರವತ್ತೆರಡು.
ಮಂಚದ ಕಾಲಿಗೆ ಎರಡೆರಡು ಇಟ್ಟಿಗೆ.
‘ಗೋಡೆ ಬಂದ್ರೆ ಇವನ್ನ ತೆಗೀಬಹುದಾ?’ ಎಂದಳು.
ನೋಡಿ ಹೇಳ್ತೀನಿ, ಎಂದೆ.

ಬಸ್ ಡಿಪೋ ಗೇಟಿನಲ್ಲಿ ರಾತ್ರಿ ಪಾಳಿ ಮಾಡುವ ಪಿಳ್ಳಪ್ಪನ ತಾತ
ಇದೇ ಕೆರೆಗೆ ನೀರುಗಂಟಿ.
ಮೂರನೇ ಪ್ಲಾಟ್‌ಫಾರಮ್ಮಿನ ಹಿಂದೆ, ಡೀಸೆಲ್ ಕಲೆಯ ನಡುವೆ
ಕೋಡಿ ಕಲ್ಲು ತೋರಿಸಿದ. ಅದರ ಮೇಲೆ ಯಾರದೋ ಟಿಫಿನ್ ಕ್ಯಾರಿಯರ್.
‘ತೂಬು ಎತ್ತೋ ಮುಂಚೆ ತಾತ ಏರಿ ಮೇಲೆ ನಿಂತು
ಕೆಳಗಿನ ಗದ್ದೆಯೋರಿಗೆ ಕೂಗ್ತಿದ್ದ, ನೀರ್ ಬತ್ತಾವೆ ಅಂತ.
ಈಗ ನೀವು ಯಾರಿಗೆ ಕೂಗ್ತೀರವ್ವ?’

ಮೂವತ್ತೊಂಬತ್ತನೇ ರಾತ್ರಿ ಪರದೆಯ ಮೇಲೆ ಗೋಡೆ ಕಟ್ಟಿದೆ.
ಒಂದು ಗುಂಡಿ ಒತ್ತಿದರೆ ಸಾಕು, ಸಿಮೆಂಟೂ ಬೇಡ ಟೆಂಡರೂ ಬೇಡ.
ನೂರು ವರ್ಷಕ್ಕೊಮ್ಮೆಯ ಮಳೆ ಸುರಿಸಿದೆ.
(ಅದು ಐದು ವರ್ಷದಲ್ಲಿ ಎರಡು ಸಲ ಬಂದಿದೆ, ಇರಲಿ.)
ಮೇಲಿನ ಲೇಔಟಿನಿಂದ ನೀಲಿ ಮರ್ಯಾದೆಯಾಗಿ ಇಳಿದುಹೋಯಿತು.
ಸೇತುವೆ ದಾಟಿದ ಮೇಲೆ, ಗೋಡೆ ಮುಗಿಯುವಲ್ಲಿ,
ಎಂದರೆ ದುಡ್ಡು ಮುಗಿಯುವಲ್ಲಿ,
ಕಟ್ಟು ಬಿಚ್ಚಿದ ದನದಂತೆ ಬೀದಿಗೆ ನುಗ್ಗಿತು.
ರುಕಿಯಾಬಿಯ ಮನೆಯ ಚೌಕಕ್ಕೆ ಇಲಿಬಾಣ ಒಯ್ದೆ:
ಎಪ್ಪತ್ಮೂರು.

ನಮೂನೆಯ ಕಾಲಂ ಒಂಬತ್ತು ಹೇಳುತ್ತದೆ:
ಏರಿಕೆ ಹದಿನೈದರೊಳಗಿದ್ದರೆ ‘ನಗಣ್ಯ’ ಎಂದು ಬರೆಯಿರಿ.

ಕಚೇರಿ ಹಿಂದೆ ಬಾತ್‌ರೂಮು ರಿಪೇರಿಗೆ ತಂದ ಇಟ್ಟಿಗೆ ರಾಶಿ.
ಒಂದನ್ನು ತಂದು ಮೇಜಿನ ಮೇಲೆ ಮಗ್ಗುಲಾಗಿ ನಿಲ್ಲಿಸಿ ಸ್ಕೇಲು ಹಿಡಿದೆ.
ಸರಿಯಾಗಿ ಹನ್ನೊಂದು.
ಕಾಲಂ ಒಂಬತ್ತರಲ್ಲಿ ಬರೆದೆ:
ಮಂಚಕ್ಕೆ ಇನ್ನೂ ಒಂದು ಇಟ್ಟಿಗೆ, ಮುನ್ನೂರ ಹದಿನಾಲ್ಕು ಮನೆಗಳಲ್ಲಿ.

ಸಾಹೇಬರು ಹೊಡೆದುಹಾಕುತ್ತಾರೆ, ಗೊತ್ತು.
ನಿದ್ದೆಗೆಡಿಸಿದ್ದು ಅದಲ್ಲ.
ಮಂಚವೇ ಇಲ್ಲದ ಮನೆಗಳು ಎಷ್ಟು?
ಎಣಿಸಿರಲಿಲ್ಲ.

ಜೀಪಿನ ಲೆಕ್ಕ ಇವತ್ತಿಗೆ ಮುಗಿಯಿತು.
ಬೈಲಪ್ಪನಿಗೆ ಫೋನ್ ಮಾಡಿದ್ದೇನೆ, ಬಸ್ಸಿನಲ್ಲಿ ಹೋಗಬೇಕು.
ಕೋಲು ಒಳಗೆ ಬಿಡುವುದಿಲ್ಲ ಕಂಡಕ್ಟರು.
ಮೊಳ ಹಾಕಿ ಅಳೆಯೋಣ ಬಿಡಿ, ಎಂದ.